ಕೈಯಲ್ಲೇ ಕೆತ್ತುವ ಮರದ ತೂಗುಕುದುರೆ: ಹಲಗೆ ಆರಿಸುವುದರಿಂದ ಚುಕ್ಕೆ ಬಿಡಿಸುವವರೆಗೆ

ನಾನು ಮಾಡಿದ ಮೊದಲ ಕುದುರೆಯ ಮುಂಗಾಲು ಹನ್ನೊಂದನೇ ದಿನ ಮುರಿಯಿತು. ಅಕ್ಕನ ಮಗ ಹತ್ತಿ ಕೂತ, ನಾಲ್ಕು ಸಲ ಜೋರಾಗಿ ತೂಗಿದ, ಟಕ್ ಅಂತ ಸದ್ದು. ಮಗುವಿಗೆ ಏನೂ ಆಗಲಿಲ್ಲ, ಪುಣ್ಯ. ಮುರಿದ ತುಂಡನ್ನು ಕೈಗೆತ್ತಿಕೊಂಡು ನೋಡಿದರೆ ಬಿಸ್ಕತ್ತು ಮುರಿದ ಹಾಗೆ ನುಣ್ಣಗೆ, ನೇರವಾಗಿ ಮುರಿದಿತ್ತು. ಒಂದು ಸಿಬಿರೂ ಎದ್ದಿರಲಿಲ್ಲ. ಅಂದರೆ ಮರದ ಎಳೆ (ಮರದೊಳಗಿನ ನಾರು ಓಡುವ ದಾರಿ) ಕಾಲಿನ ಉದ್ದಕ್ಕೆ ಇಳಿದಿರಲಿಲ್ಲ, ಅಡ್ಡ ಹೋಗಿತ್ತು. ಅಗಲವಾದ ಒಂದು ಮಾವಿನ ಹಲಗೆಯಲ್ಲಿ ಕಾಲುಗಳನ್ನು ಹೇಗೆ ಬೇಕೋ ಹಾಗೆ ಜೋಡಿಸಿ ಗೀಚಿ, ಮರ ಉಳಿಸಿದೆ ಅಂತ ಬೀಗಿದ್ದೆ. ತಪ್ಪು ಅಲ್ಲೇ ಆಗಿತ್ತು.

ಅದಕ್ಕೇ ಈ ಬರಹದಲ್ಲಿ ಎಳೆಯ ಮಾತು ಮತ್ತೆ ಮತ್ತೆ ಬರುತ್ತದೆ. ಬೇಜಾರು ಮಾಡಿಕೊಳ್ಳಬೇಡಿ. ಮೂತಿ ಸ್ವಲ್ಪ ಸೊಟ್ಟಗಾದರೂ ಕುದುರೆ ಕುದುರೆಯೇ. ಎಳೆ ತಪ್ಪಿದರೆ ಮಾತ್ರ ಅದು ಸೌದೆ.

ಯಾವ ಕುದುರೆ?

ಚನ್ನಪಟ್ಟಣದ ಕುದುರೆ ನಮಗೆಲ್ಲ ಗೊತ್ತು. ಅದರ ದಾರಿ ಬೇರೆ. ಹಾಲೆ ಮರದ ತುಂಡನ್ನು ಲೇತ್‌ಗೆ ಸಿಕ್ಕಿಸಿ ಕಡೆಯುತ್ತಾರೆ. ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ, ಆಮೇಲೆ ತಾಳೆಗರಿ ಒತ್ತಿ ಹೊಳಪು ತರುತ್ತಾರೆ. ಹಾಗಾಗಿ ಅದರ ಮೈ, ಕತ್ತು, ಕಾಲು ಎಲ್ಲ ದುಂಡು ದುಂಡು.

ನಾವಿಲ್ಲಿ ಮಾಡುವುದು ಉಳಿಯಲ್ಲಿ ಕೆತ್ತುವ ಕುದುರೆ. ಇಂಗ್ಲೆಂಡಿನಲ್ಲಿ 19ನೇ ಶತಮಾನದಲ್ಲಿ ಗಟ್ಟಿಯಾಗಿ ನೆಲೆಯಾದ ರೂಪ ಇದು. ಬೂದು ಮೈ, ಮೇಲೆ ಚುಕ್ಕೆ, ಕಾಲು ಮುಂದಕ್ಕೂ ಹಿಂದಕ್ಕೂ ಚಾಚಿ ಓಡುವ ಭಂಗಿ. ಲಂಡನ್ನಿನ ಎಫ್. ಎಚ್. ಏರ್ಸ್, ಜಿ. ಆಂಡ್ ಜೆ. ಲೈನ್ಸ್ ಥರದ ಕಂಪನಿಗಳು ಇಂಥವನ್ನು ಮಾಡಿ ಹೆಸರು ಗಳಿಸಿದವು. ಇದರಲ್ಲಿ ಎರಡು ಬಗೆ. ಒಂದು, ಬಿಲ್ಲಿನಂತೆ ಬಾಗಿದ ಎರಡು ಪಟ್ಟಿಗಳ ಮೇಲೆ ನಿಂತದ್ದು. ಇನ್ನೊಂದು, ನೆಲದಲ್ಲಿ ಅಲುಗಾಡದ ಸ್ಟ್ಯಾಂಡಿನಿಂದ ಕಬ್ಬಿಣದ ಕೊಂಡಿಯಲ್ಲಿ ತೂಗುಬಿಟ್ಟದ್ದು. ಈ ಎರಡನೆಯದಕ್ಕೆ 1880ರಲ್ಲಿ ಅಮೆರಿಕದ ಸಿನ್ಸಿನಾಟಿಯ ಫಿಲಿಪ್ ಮಾರ್ಕ್ವಾ ಪೇಟೆಂಟ್ ಪಡೆದ. ಅದು ಜಾಗ ಕಡಿಮೆ ತಿನ್ನುತ್ತದೆ, ಬೀಳುವ ಭಯವೂ ಕಡಿಮೆ. ಆದರೆ ಕಬ್ಬಿಣದ ಕೆಲಸ ಜಾಸ್ತಿ. ಮೊದಲ ಸಲಕ್ಕೆ ಬಿಲ್ಲಿನ ಪಟ್ಟಿಯೇ ಸುಲಭ. ನಾನದನ್ನು ತೂಗುಪಟ್ಟಿ ಅಂತ ಕರೆಯುತ್ತೇನೆ.

ಮರ ಮತ್ತು ಹತ್ಯಾರ

ಮೈ, ಕತ್ತು, ತಲೆಗೆ ಶಿವನೆ ಸಿಕ್ಕರೆ ಬೇರೆ ಯೋಚನೆ ಬೇಡ. ಹಗುರ, ಉಳಿಗೆ ಬೆಣ್ಣೆಯ ಹಾಗೆ ಬಗ್ಗುತ್ತದೆ, ಒಣಗಿದ ಮೇಲೆ ಸೊಟ್ಟಗಾಗುವುದು ಕಡಿಮೆ. ಸಿಗದಿದ್ದರೆ ಕಾಫಿ ತೋಟದ ಕಡೆಯಿಂದ ಬರುವ ಸಿಲ್ವರ್ ಓಕ್ ಆಗುತ್ತದೆ. ಕಾಲು ಮತ್ತು ತೂಗುಪಟ್ಟಿಗೆ ಗಟ್ಟಿ ಮರವೇ ಬೇಕು. ತೇಗ ಅಥವಾ ಹೊನ್ನೆ. ಹೊನ್ನೆಯ ಪುಡಿ ಒದ್ದೆಯಾದರೆ ಹಳದಿ ಕಲೆ ಬಿಡುತ್ತದೆ, ಒಳ್ಳೆ ಬಟ್ಟೆ ಹಾಕಿಕೊಂಡು ಕೂರಬೇಡಿ.

ಒಟ್ಟು ಎರಡೂವರೆ ಘನ ಅಡಿ ಮರ ಸಾಕು, ವ್ಯರ್ಥವಾಗುವುದೂ ಸೇರಿ. ಸಾಮಿಲ್‌ನಲ್ಲಿ ಹೊಸದಾಗಿ ಕುಯ್ದ ಹಲಗೆ ತರಬೇಡಿ. ಒಂದಿಂಚು ದಪ್ಪಕ್ಕೆ ಒಂದು ವರ್ಷ ನೆರಳಲ್ಲಿ ಒಣಗಬೇಕು ಅನ್ನುವುದು ಹಳೇ ಲೆಕ್ಕ. ಅಷ್ಟು ಕಾಯಲು ಆಗದವರು ಹಳೇ ಮನೆ ಕೆಡವಿದ ಬಾಗಿಲು, ತೊಲೆ ಮಾರುವ ಅಂಗಡಿಗೆ ಹೋಗಿ. ಮೊಳೆ ಇದೆಯೇ ಅಂತ ಅಯಸ್ಕಾಂತ ಆಡಿಸಿ ನೋಡಿ. ಒಂದು ಮೊಳೆ ಸಾಕು ಉಳಿಯ ಬಾಯಿ ಹಾಳಾಗಲು.

ಹತ್ಯಾರ ಜಾಸ್ತಿ ಬೇಡ. ಗರಗಸ, ತೋಪಡ (ಮರ ಕೀಸಿ ಸಮ ಮಾಡುವುದು), ಕೊಡತಿ (ಮರದ ಸುತ್ತಿಗೆ), ಮೂಲೆಮಟ್ಟ, ಬೈರಿಗೆ ಅಥವಾ ಡ್ರಿಲ್ ಇರಲಿ. ಚಪ್ಪಟೆ ಉಳಿ ಎರಡು: ಕಾಲಿಂಚು ಮತ್ತು ಒಂದಿಂಚು. ಬಾಯಿ ಬಾಗಿದ ಉಳಿ ಎರಡು: ಒಂದು ಅಗಲ, ಒಂದು ಚಿಕ್ಕದು. ಒರಟು ಅರ ಒಂದು, ಕನಿಷ್ಠ ಆರು ಕ್ಲ್ಯಾಂಪು. ಬಾಚಿ (ಅಡ್ಡ ಬಾಯಿಯ ಕೈಗೊಡಲಿ) ಹಿಡಿದು ಅಭ್ಯಾಸ ಇದ್ದರೆ ಕೆಲಸ ಅರ್ಧಕ್ಕರ್ಧ ಬೇಗ ಮುಗಿಯುತ್ತದೆ. ಇಲ್ಲದಿದ್ದರೆ ಬೇಡ, ಕಾಲಿನ ಮೇಲೆ ಬಿದ್ದೀತು. ಇವೆಲ್ಲಕ್ಕಿಂತ ಮುಖ್ಯ ಸಾಣೆಕಲ್ಲು. ಅರ್ಧ ಗಂಟೆಗೊಮ್ಮೆ ಉಳಿ ಮಸೆಯಿರಿ. ಮೊಂಡು ಉಳಿ ಜಾರಿದಾಗಲೇ ಕೈ ಕುಯ್ಯುವುದು.

ಅಳತೆ ಮತ್ತು ನಕ್ಷೆ

ಇದು ಮೂರರಿಂದ ಆರು ವರ್ಷದ ಮಗುವಿಗೆ. ಕೂರುವ ಜಾಗ ನೆಲದಿಂದ ಸುಮಾರು 22 ಇಂಚು. ಮೈ 20 ಇಂಚು ಉದ್ದ, 7 ಅಗಲ, 7 ಎತ್ತರ. ತಲೆ 8 ಇಂಚು. ನಿಜವಾದ ಕುದುರೆಯ ಮೈ ಸುಮಾರು ಎರಡೂವರೆ ತಲೆಯಷ್ಟು ಉದ್ದ ಇರುತ್ತದೆ, ಅದೇ ಲೆಕ್ಕ. ತಲೆ ಸ್ವಲ್ಪ ದೊಡ್ಡದಾದರೆ ಕತ್ತೆಯ ಹಾಗೆ ಕಾಣುತ್ತದೆ. ನನ್ನ ಮೊದಲನೆಯದು ಹಾಗೇ ಇತ್ತು, ಮನೆಯವರು ಮುಲಾಜಿಲ್ಲದೆ ಹೇಳಿದರು.

ಹಳೇ ಕ್ಯಾಲೆಂಡರ್ ಹಾಳೆಗಳನ್ನು ಹಿಂದುಮುಂದಾಗಿ ಅಂಟಿಸಿ, ನಿಜವಾದ ಅಳತೆಯಲ್ಲೇ ಪಕ್ಕದಿಂದ ಕಾಣುವ ಚಿತ್ರ ಬಿಡಿಸಿ. ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹೋಗುತ್ತಾ ಬರುತ್ತಾ ನೋಡಿದರೆ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ. ಮೈಸೂರಿನ ಕಡೆಯವರಾದರೆ ಅರಮನೆ ಹತ್ತಿರ ಟಾಂಗಾ ಕುದುರೆ ನಿಂತಿರುತ್ತದೆ, ಹತ್ತು ನಿಮಿಷ ನೋಡಿ ಬನ್ನಿ. ದವಡೆ ಎಲ್ಲಿ ಮುಗಿದು ಕತ್ತು ಎಲ್ಲಿ ಶುರುವಾಗುತ್ತದೆ, ಕಣ್ಣಿನ ಮೇಲೆ ಎಲುಬು ಹೇಗೆ ಉಬ್ಬಿದೆ, ಹಿಂಗಾಲು ಎಲ್ಲಿ ಮಡಿಯುತ್ತದೆ. ಫೋಟೋದಲ್ಲಿ ಇದು ಗೊತ್ತಾಗುವುದಿಲ್ಲ.

ಈಗ ಬಿಡಿ ಭಾಗಗಳನ್ನು ರಟ್ಟಿನಲ್ಲಿ ಕತ್ತರಿಸಿ, ಪ್ರತಿ ರಟ್ಟಿನ ಮೇಲೂ ಒಂದು ಬಾಣ ಬರೆಯಿರಿ. ಎಳೆ ಯಾವ ದಿಕ್ಕಿಗೆ ಹೋಗಬೇಕು ಅನ್ನುವ ಬಾಣ. ಕಾಲಿನಲ್ಲಿ ತೊಡೆಯಿಂದ ಗೊರಸಿಗೆ. ತಲೆ–ಕತ್ತಿನ ತುಂಡಿನಲ್ಲಿ ಕಿವಿಯ ತುದಿಯಿಂದ ಕತ್ತಿನ ಬುಡಕ್ಕೆ, ಯಾಕೆಂದರೆ ಮೊದಲು ಮುರಿಯುವುದು ಕಿವಿ. ಹೀಗೆ ಇಟ್ಟರೆ ಮೂತಿಯಲ್ಲಿ ಎಳೆ ಅಡ್ಡ ಬರುತ್ತದೆ ನಿಜ, ಆದರೆ ಮೂತಿ ದಪ್ಪ ಇರುವುದರಿಂದ ತಡೆದುಕೊಳ್ಳುತ್ತದೆ. ಹಲಗೆಯ ಮೇಲೆ ರಟ್ಟು ಇಟ್ಟಾಗ ಬಾಣ ಮತ್ತು ಎಳೆ ಕೂಡಬೇಕು. ಕೂಡದಿದ್ದರೆ ಮರ ವ್ಯರ್ಥವಾಗಲಿ, ಪರವಾಗಿಲ್ಲ.

ಮೈ: ಒಳಗೆ ಟೊಳ್ಳು

ಮೈಗೆ ಒಂದೇ ದೊಡ್ಡ ದಿಮ್ಮಿ ಹಾಕಬಹುದಲ್ವಾ ಅಂತ ಅನ್ನಿಸುತ್ತದೆ. ಬೇಡ. ಭಾರವಾಗುತ್ತದೆ, ಎರಡು ಬೇಸಿಗೆಯಲ್ಲಿ ಸೀಳುತ್ತದೆ. ಪೆಟ್ಟಿಗೆಯ ಹಾಗೆ ಜೋಡಿಸುವುದೇ ಹಳೇ ಪದ್ಧತಿ.

ಒಂದೂವರೆ ಇಂಚು ದಪ್ಪದ ಎರಡು ಹಲಗೆ, 20 ಇಂಚು ಉದ್ದ, 7 ಇಂಚು ಅಗಲ: ಒಂದು ಬೆನ್ನಿಗೆ, ಒಂದು ಹೊಟ್ಟೆಗೆ. ನಡುವೆ ಎರಡು ಪಕ್ಕಕ್ಕೂ 4 ಇಂಚು ಎತ್ತರದ, ಒಂದೂವರೆ ಇಂಚು ದಪ್ಪದ ಪಟ್ಟಿ. ಎದೆ ಮತ್ತು ಬಾಲದ ಕಡೆ 3 ಇಂಚು ದಪ್ಪದ ತುಂಡು ತುರುಕಿ. ಎಲ್ಲ ತುಂಡುಗಳ ಎಳೆಯೂ ಎದೆಯಿಂದ ಬಾಲದ ಕಡೆಗೆ ಒಂದೇ ದಿಕ್ಕಿನಲ್ಲಿರಲಿ. ಆಗ ಮಳೆಗಾಲದಲ್ಲಿ ಉಬ್ಬಿದರೂ ಎಲ್ಲ ಒಟ್ಟಿಗೆ ಉಬ್ಬುತ್ತವೆ.

ಅಂಟಿಸುವ ಮುಖಗಳನ್ನು ತೋಪಡದಲ್ಲಿ ಚೆನ್ನಾಗಿ ಉಜ್ಜಿ. ಎರಡು ಹಲಗೆ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ನಡುವೆ ಬೆಳಕು ನುಸುಳಬಾರದು. ಫೆವಿಕಾಲ್ ಎರಡೂ ಮುಖಕ್ಕೆ ತೆಳ್ಳಗೆ ಬಳಿದು, ಕ್ಲ್ಯಾಂಪ್ ಹಾಕಿ ಒಂದು ರಾತ್ರಿ ಬಿಡಿ. ಬೆನ್ನಿನ ಹಲಗೆ ಮುಚ್ಚುವ ಮೊದಲು ಒಳಗೆ ಏನಾದರೂ ಇಡಿ. ನಾನು ಆ ದಿನದ ಪೇಪರಿನ ಮೊದಲ ಪುಟ, ಒಂದು ಹತ್ತು ರೂಪಾಯಿ ನಾಣ್ಯ, ಮಗುವಿನ ಹೆಸರು ಬರೆದ ಚೀಟಿ ಇಟ್ಟೆ. ನಾಣ್ಯ ಬಿಡಿಯಾಗಿ ಇಡಬಾರದಿತ್ತು. ಈಗ ತೂಗಿದಾಗಲೆಲ್ಲ ಒಳಗೆ ಕಿಣಿ ಕಿಣಿ ಅನ್ನುತ್ತದೆ. ನೀವು ಟೇಪ್ ಹಾಕಿ ಅಂಟಿಸಿ.

ಕಾಲು

17 ಇಂಚು ಉದ್ದ, 4 ಅಗಲ, ಒಂದೂವರೆ ದಪ್ಪದ ನಾಲ್ಕು ತುಂಡು. ಇದನ್ನು ಆರಿಸಲು ಸಮಯ ಕೊಡಿ. ಗಂಟು ಇರಬಾರದು. ಹಲಗೆಯ ಅಂಚು ನೋಡಿ, ಎಳೆ ಅಲ್ಲಿಯೂ ನೇರ ಇರಬೇಕು. ಅಗಲದ ಮುಖದಲ್ಲಿ ನೇರವಾಗಿ ಕಂಡು, ಅಂಚಿನಲ್ಲಿ ಓರೆಯಾಗಿ ಹೊರಗೆ ಓಡುವ ಮರ ಬೇಕಾದಷ್ಟಿದೆ. ಅನುಮಾನ ಬಂದರೆ ಅದೇ ಹಲಗೆಯ ಒಂದು ಚೂರನ್ನು ಉಳಿಯಿಟ್ಟು ಸೀಳಿ ನೋಡಿ. ಸೀಳು ಹೋದ ದಾರಿಯೇ ಎಳೆಯ ದಾರಿ.

ಮೈಯ ಕೆಳಭಾಗದ ನಾಲ್ಕು ಮೂಲೆಗೆ ಕಚ್ಚು, ಅಂದರೆ ಕಾಲಿನ ಮೇಲ್ತುದಿ ಕೂರುವ ತಗ್ಗು, ಹೊಡೆಯಬೇಕು. 3 ಇಂಚು ಎತ್ತರ, ಮುಕ್ಕಾಲು ಇಂಚು ಆಳ. ಕಾಲು ಎರಡು ಕಡೆ ಓರೆಯಾಗಿ ಇಳಿಯುತ್ತದೆ: ಮುಂದಕ್ಕೆ ಅಥವಾ ಹಿಂದಕ್ಕೆ ಸುಮಾರು 9 ಇಂಚು ಚಾಚು, ಹೊರಕ್ಕೆ ಎರಡೂವರೆ ಇಂಚು ಅಗಲಿಕೆ. ಈ ಓರೆಗೆ ಎರಡು ರಟ್ಟಿನ ಕೋನ ಕತ್ತರಿಸಿಟ್ಟುಕೊಂಡು ನಾಲ್ಕೂ ಕಾಲಿಗೆ ಅದನ್ನೇ ಬಳಸಿ. ಎಡ, ಬಲ ಅದಲುಬದಲಾಗುವುದು ತೀರಾ ಸಾಮಾನ್ಯ, ಹಾಗಾಗಿ ಪೆನ್ಸಿಲ್‌ನಲ್ಲಿ "ಮುಂ-ಎಡ", "ಹಿಂ-ಬಲ" ಅಂತ ಬರೆದಿಡಿ.

ಕಚ್ಚು ಮೊದಲು ಗರಗಸದಲ್ಲಿ ಗೆರೆಯ ಒಳಗೇ ಕುಯ್ದು, ಆಮೇಲೆ ಚಪ್ಪಟೆ ಉಳಿಯಲ್ಲಿ ಸ್ವಲ್ಪ ಸ್ವಲ್ಪ ತೆಗೆಯಿರಿ. ಕಾಲನ್ನು ಕೊಡತಿಯ ಎರಡು ಮೆಲು ಏಟಿಗೆ ಕೂರುವಷ್ಟು ಬಿಗಿ ಇರಲಿ. ಕೈಯಲ್ಲೇ ಜಾರಿ ಕೂತರೆ ಸಡಿಲ, ಸುತ್ತಿಗೆ ಕೇಳಿದರೆ ಬಿಗಿ ಜಾಸ್ತಿ, ಮೈ ಸೀಳುತ್ತದೆ. ಅಂಟು ಹಾಕಿ, ಪ್ರತಿ ಕಾಲಿಗೂ ಎರಡು ಹಿತ್ತಾಳೆ ಸ್ಕ್ರೂ ಬಿಗಿದು, ಸ್ಕ್ರೂ ತಲೆ ಅರ್ಧ ಇಂಚು ಒಳಗಿಳಿಸಿ ಮರದ ಬಿರಡೆ ಹೊಡೆಯಿರಿ.

ಆಮೇಲೆ ಭುಜ ಮತ್ತು ತೊಡೆಯ ಮೇಲೆ ಒಂದಿಂಚು ದಪ್ಪದ ಮರದ ಚೂರು ಅಂಟಿಸಿ. ಮಾಂಸಖಂಡ ಕೆತ್ತಲು ಮರ ಅಲ್ಲಿಂದ ಸಿಗುತ್ತದೆ, ಜೊತೆಗೆ ಕಚ್ಚಿನ ಸಂದನ್ನೂ ಮುಚ್ಚುತ್ತದೆ.

ತಲೆ ಮತ್ತು ಕತ್ತು

ತಲೆಯನ್ನು ಮೈಗೆ ಕೂಡಿಸುವ ಮೊದಲೇ ಮುಕ್ಕಾಲು ಭಾಗ ಕೆತ್ತಿಕೊಳ್ಳಿ. ಬಿಡಿಯಾಗಿದ್ದರೆ ಯಾವ ಕಡೆ ಬೇಕಾದರೂ ತಿರುಗಿಸಿ ಬಿಗಿಯಬಹುದು.

ಎರಡೂವರೆ ಇಂಚು ದಪ್ಪದ ಹಲಗೆಯಲ್ಲಿ ಪಕ್ಕದ ಆಕಾರ ಕುಯ್ದು, ಕತ್ತಿನ ಬುಡದ ಎರಡು ಪಕ್ಕಕ್ಕೆ ಒಂದೊಂದು ಇಂಚಿನ ಹಲಗೆ ಅಂಟಿಸಿ. ಮುಂದೆ, ಹಿಂದೆ, ಮೇಲೆ ಸುತ್ತಲೂ ನಡುಗೆರೆ ಎಳೆಯಿರಿ. ಕೆತ್ತುವಾಗ ಅದು ಅಳಿಸುತ್ತಲೇ ಇರುತ್ತದೆ. ಅಳಿಸಿದ ತಕ್ಷಣ ಮತ್ತೆ ಎಳೆಯಿರಿ. ಮುಖದ ಎರಡು ಪಕ್ಕ ಸಮ ಬರಲು ಇರುವ ಉಪಾಯ ಇದೊಂದೇ.

ಮೊದಲು ಕಣ್ಣು, ಮೂಗು ಯಾವುದನ್ನೂ ಮುಟ್ಟಬೇಡಿ. ಮೇಲಿನಿಂದ ನೋಡಿದಾಗ ಕಾಣುವ ಆಕಾರ ತನ್ನಿ. ಕಣ್ಣಿನ ಹತ್ತಿರ ಪೂರ್ತಿ ಎರಡೂವರೆ ಇಂಚು ಅಗಲ. ಅಲ್ಲಿಂದ ಸಣ್ಣದಾಗುತ್ತಾ ಹೋಗಿ ಮೂಗಿನ ಹೊಳ್ಳೆಗಿಂತ ಸ್ವಲ್ಪ ಮೇಲೆ ಒಂದೂವರೆ. ಹೊಳ್ಳೆಯಲ್ಲಿ ಮತ್ತೆ ಒಂಚೂರು ಅಗಲ. ಈ ಮೂರು ಅಳತೆ ಸರಿ ಬಂದರೆ ಕಣ್ಣು ಬರೆಯದೆಯೇ ಅದು ಕುದುರೆ ಅಂತ ಗೊತ್ತಾಗುತ್ತದೆ.

ಆಮೇಲೆ ದವಡೆ. ಟೀ ಲೋಟದ ಬಾಯಿ ಇಟ್ಟು ಒಂದು ವೃತ್ತ ಎಳೆದು, ಅದರ ಹೊರಗಿನ ಮರವನ್ನು ಕಾಲಿಂಚು ತಗ್ಗಿಸಿ. ಕಣ್ಣು ತಲೆಯ ಮೇಲಿನಿಂದ ಮೂರನೇ ಒಂದು ಭಾಗದಲ್ಲಿ ಬರುತ್ತದೆ. ಎಲ್ಲರೂ ಅದನ್ನು ಕೆಳಗೆ ಇಡುತ್ತಾರೆ, ಮನುಷ್ಯರ ಮುಖ ನೋಡಿ ಅಭ್ಯಾಸ ನೋಡಿ. ಹೊಳ್ಳೆಯನ್ನು ಚಿಕ್ಕ ಬಾಗಿದ ಉಳಿಯಲ್ಲಿ ಅಲ್ಪವಿರಾಮದ ಆಕಾರಕ್ಕೆ ತೆಗೆಯಿರಿ. ಬಾಯಿ ತೆರೆದು ಹಲ್ಲು ತೋರಿಸುವುದು ಹಳೇ ಇಂಗ್ಲಿಷ್ ಕುದುರೆಗಳ ಗತ್ತು. ಮೊದಲ ಸಲ ಬಾಯಿ ಮುಚ್ಚಿಯೇ ಇರಲಿ.

ಉಳಿ ಹೋಗುವ ದಿಕ್ಕು ಯಾವಾಗಲೂ ಎತ್ತರದಿಂದ ತಗ್ಗಿಗೆ. ಬೆಕ್ಕಿನ ಮೈ ಸವರುತ್ತೀರಲ್ಲ, ಹಾಗೆ. ಸರಿಯಾದ ದಿಕ್ಕಿನಲ್ಲಿ ಹೋದರೆ ಚೆಕ್ಕೆ ಸುರುಳಿಯಾಗಿ ಏಳುತ್ತದೆ, ಸದ್ದು ಸರ್ ಅಂತ ಬರುತ್ತದೆ. ಎದುರಾದರೆ ಕಟಕಟ ಅಂದು ಮರ ಕಿತ್ತು ಬರುತ್ತದೆ. ಕಿವಿಗೆ ಮೊದಲು ಗೊತ್ತಾಗುತ್ತದೆ, ಆಮೇಲೆ ಕಣ್ಣಿಗೆ. ಕತ್ತಿನ ಬಾಗಿನಲ್ಲಿ ಈ ದಿಕ್ಕು ನಡುವೆಯೇ ಬದಲಾಗುತ್ತದೆ. ಅಲ್ಲಿ ಎರಡು ಕಡೆಯಿಂದಲೂ ಇಳಿದು ತಗ್ಗಿನಲ್ಲಿ ಕೂಡಿಸಬೇಕು.

ಕುದುರೆಯ ಕಿವಿಗಳ ನಡುವಿನ ಮರವನ್ನು ಬೈರಿಗೆಯಲ್ಲಿ ತೂತು ಹೊಡೆದು ತೆಗೆಯಿರಿ. ಕಿವಿ ಮಾತ್ರ ಕೊನೆಯವರೆಗೂ ದಪ್ಪವಾಗಿಯೇ ಇರಲಿ. ತಲೆಯನ್ನು ಕ್ಲ್ಯಾಂಪಿನಲ್ಲಿ ಹತ್ತು ಸಲ ತಿರುಗಿಸುವಾಗ ಬೀಳುವ ಏಟೆಲ್ಲ ಕಿವಿಗೇ.

ಕತ್ತಿನ ಬುಡವನ್ನು ಚಪ್ಪಟೆ ಮಾಡಿ, ಮೈಯ ಮುಂಭಾಗದಲ್ಲೂ ಅದಕ್ಕೆ ಸರಿಯಾಗಿ ಸಮತಟ್ಟು ಮಾಡಿ. ಮುಕ್ಕಾಲು ಇಂಚಿನ ಮೂರು ಮರದ ಗೂಟ ಹಾಕಿ ಅಂಟಿಸಿ. ಮಕ್ಕಳು ಕತ್ತು ಹಿಡಿದೇ ಎಳೆದಾಡುವುದು, ಆದ್ದರಿಂದ ಇಲ್ಲಿ ಬರೀ ಅಂಟನ್ನು ನಂಬಬೇಡಿ. ಹಿಡಿಯಲು ದವಡೆಯ ಹಿಂದೆ ಅಡ್ಡಲಾಗಿ ಒಂದಿಂಚಿನ ಗೂಟ ತೂರಿಸಿ. ಎರಡು ಕಡೆಗೂ 4 ಇಂಚು ಹೊರಗಿರಲಿ, ತುದಿ ದುಂಡಗಿರಲಿ.

ಇಡೀ ಮೈ ಕೆತ್ತುವುದು

ಈಗ ನಿಮ್ಮ ಮುಂದೆ ಪೆಟ್ಟಿಗೆಗೆ ಕಾಲು, ತಲೆ ಅಂಟಿಸಿದಂಥ ಒಂದು ಪ್ರಾಣಿ ನಿಂತಿರುತ್ತದೆ. ಇಲ್ಲಿ ಧೈರ್ಯ ಕೆಡುವವರು ಬಹಳ. ನಾಲ್ಕು ಉದ್ದ ಮೂಲೆಗಳನ್ನು ಮೊದಲು ಹೊಡೆದು ಹಾಕಿ, ಚೌಕ ಹೋಗಿ ಎಂಟು ಮುಖವಾಗಲಿ. ಆಮೇಲೆ ಆ ಎಂಟನ್ನೂ ಉರುಟಾಗಿಸಿ. ಬೆನ್ನಿನ ನಡುವೆ ಕೂರಲು ಅರ್ಧ ಇಂಚು ತಗ್ಗು. ಗೋಡೆ ದಪ್ಪ ಇರುವುದು ಒಂದೂವರೆ ಇಂಚು ಅನ್ನುವುದು ನೆನಪಿರಲಿ, ಉತ್ಸಾಹದಲ್ಲಿ ತೂತು ಬೀಳಿಸಬೇಡಿ.

ಕಾಲುಗಳಲ್ಲಿ ಮೊಣಕಾಲಿನ ಗಂಟು, ಗೊರಸಿನ ಮೇಲಿನ ಗಂಟು ಉಬ್ಬಾಗಿ ಉಳಿಸಿ, ನಡುವೆ ಸಣ್ಣ ಮಾಡಿ. ಎಷ್ಟೇ ಚೆಂದ ಕಂಡರೂ ಯಾವ ಜಾಗದಲ್ಲೂ ಒಂದಿಂಚಿಗಿಂತ ತೆಳ್ಳಗಾಗಬಾರದು. ಒರಟು ಅರದಿಂದ ಸಮ ಮಾಡಿ, 80, 120, 220ರ ಉಪ್ಪುಕಾಗದ ಸಾಲಾಗಿ. ಬೇಕೆಂದೇ ಕೆಲವರು ಉಳಿಯ ಗುರುತು ಬಿಡುತ್ತಾರೆ. ಬಣ್ಣ ಬಳಿಯದೆ ಬರೀ ಎಣ್ಣೆ ಹಚ್ಚುವುದಾದರೆ ಅದು ಚೆನ್ನಾಗಿಯೇ ಕಾಣುತ್ತದೆ.

ತೂಗುಪಟ್ಟಿ

ಇದಕ್ಕೆ 5 ಅಡಿ ದಾರ, ಒಂದು ಮೊಳೆ, ಒಂದು ಪೆನ್ಸಿಲ್ ಸಾಕು. ಅಂಗಳದಲ್ಲಿ ಮೊಳೆ ಹೊಡೆದು, ದಾರದ ತುದಿಗೆ ಪೆನ್ಸಿಲ್ ಕಟ್ಟಿ, 4 ಅಡಿ ಉದ್ದ, 8 ಇಂಚು ಅಗಲದ ಹಲಗೆಯ ಮೇಲೆ ಕಮಾನು ಎಳೆಯಿರಿ. ದಾರವನ್ನು 3 ಇಂಚು ಗಿಡ್ಡ ಮಾಡಿ ಒಳಗಿನ ಕಮಾನು. ಹಲಗೆ ದಪ್ಪ ಒಂದೂಕಾಲು ಇಂಚು. ಪಟ್ಟಿ 46 ಇಂಚು ಉದ್ದವಿದ್ದರೆ ಅದರ ತುದಿ ನೆಲದಿಂದ ಸುಮಾರು ನಾಲ್ಕೂವರೆ ಇಂಚು ಮೇಲಿರುತ್ತದೆ.

5 ಅಡಿಯೇ ಯಾಕೆ? ಕಮಾನಿನ ನಡುಬಿಂದು, ಅಂದರೆ ಆ ಮೊಳೆ ಇದ್ದ ಜಾಗ, ಮಗು ಮತ್ತು ಕುದುರೆಯ ಒಟ್ಟು ಭಾರ ನೆಲೆಸಿರುವ ಜಾಗಕ್ಕಿಂತ ಸಾಕಷ್ಟು ಮೇಲಿರಬೇಕು. ಆಗ ಎಷ್ಟು ವಾಲಿದರೂ ತಾನಾಗಿ ವಾಪಸ್ ಬರುತ್ತದೆ. ನಮ್ಮ ಲೆಕ್ಕದಲ್ಲಿ ಭಾರ ನೆಲದಿಂದ ಎರಡೂವರೆ ಅಡಿ ಒಳಗೇ ಇದೆ. ದಾರ 3 ಅಡಿಗೆ ಇಳಿಸಿದರೆ ಅಂತರ ತೀರಾ ಕಡಿಮೆಯಾಗಿ ಮಗುಚುವ ಭಯ. 8 ಅಡಿಗೆ ಏರಿಸಿದರೆ ಕುದುರೆ ಅಲುಗಾಡುವುದೇ ಇಲ್ಲ, ಮಗು ಎರಡೇ ದಿನಕ್ಕೆ ಬಿಟ್ಟುಬಿಡುತ್ತದೆ.

ಎರಡು ಪಟ್ಟಿಗಳನ್ನು ಒಟ್ಟಿಗೆ ಬಿಗಿದು ಕೆಳಗಿನ ಅಂಚನ್ನು ಜೊತೆಯಲ್ಲೇ ಉಜ್ಜಿ. ಒಂದರಲ್ಲಿ ಉಬ್ಬು ಉಳಿದರೆ ಪ್ರತಿ ಸಲವೂ ಅಲ್ಲಿ ಎಡವುತ್ತದೆ. ಹೊರ ಅಂಚಿನಿಂದ ಹೊರ ಅಂಚಿಗೆ 14 ಇಂಚು ಅಂತರ ಕೊಟ್ಟು, ಗೊರಸು ಊರುವ ಎರಡು ಕಡೆ ಒಂದಿಂಚು ದಪ್ಪದ ಅಡ್ಡಪಟ್ಟಿ ಕೂರಿಸಿ. ಗೊರಸಿನ ತಳವನ್ನು ಓರೆಯಾಗಿ ಕುಯ್ದು ಅಡ್ಡಪಟ್ಟಿಗೆ ಕೆಳಗಿನಿಂದ ಬೋಲ್ಟ್ ಹಾಕಿ. ತೂಗುಪಟ್ಟಿಯ ನಾಲ್ಕು ತುದಿಯ ಅಡಿಗೂ ಒಂದೊಂದು ಚಿಕ್ಕ ಮರದ ತುಂಡು ಅಂಟಿಸಿ. ಜಾಸ್ತಿ ವಾಲಿದಾಗ ಅದು ನೆಲಕ್ಕೆ ತಾಗಿ ತಡೆಯುತ್ತದೆ.

ಬಣ್ಣಕ್ಕೆ ಮುಂಚೆ ಪರೀಕ್ಷೆ. ಬೆನ್ನಿಗೆ 25 ಕೆ.ಜಿ. ಅಕ್ಕಿ ಮೂಟೆ ಕಟ್ಟಿ ಐವತ್ತು ಸಲ ಜೋರಾಗಿ ತೂಗಿ. ಯಾವ ಕೀಲಿನಲ್ಲಾದರೂ ಕಿರ್ ಅಂದರೆ ಈಗಲೇ ಬಿಚ್ಚಿ ಸರಿ ಮಾಡಿ. ಟೈಲ್ಸ್ ನೆಲದ ಮೇಲೆ ಕುದುರೆ ತೂಗುತ್ತಾ ಮುಂದೆ ಹೋಗುತ್ತದೆ. ಹಳೇ ಸೈಕಲ್ ಟ್ಯೂಬ್ ಸೀಳಿ ಪಟ್ಟಿಯ ಕೆಳಗೆ ಅಂಟಿಸಿದರೆ ನಿಲ್ಲುತ್ತದೆ. ಪಕ್ಕದಲ್ಲಿ ಅಂಬೆಗಾಲಿಡುವ ಮಗು ಇದ್ದರೆ ಹುಷಾರು, ಕಮಾನಿನ ಅಡಿಗೆ ಬೆರಳು ಸಿಕ್ಕೀತು.

ಬಣ್ಣ, ಚುಕ್ಕೆ, ಬಾಲ

ಹಳೇ ಕೆಲಸಗಾರರು ಸುಣ್ಣಕಲ್ಲಿನ ನಯವಾದ ಪುಡಿಯನ್ನು ಪ್ರಾಣಿಜನ್ಯ ಅಂಟಿನಲ್ಲಿ ಕಲಸಿ, ಹಲವು ಪದರ ಬಳಿದು, ಉಜ್ಜಿ, ಆಮೇಲೆ ಬಣ್ಣ ಹಚ್ಚುತ್ತಿದ್ದರು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹುಣಸೆ ಬೀಜದ ಅಂಟಿನಿಂದ ಮಾಡುವುದೂ ಹೆಚ್ಚುಕಡಿಮೆ ಇದೇ ಕೆಲಸ: ಕೀಲು ಮುಚ್ಚಿ, ಮರಕ್ಕೆ ಬಣ್ಣ ಹಿಡಿಯುವ ಮೈ ಕೊಡುವುದು. ಮನೆಯಲ್ಲಿ ಚಾಕ್ ಪೌಡರ್ ಮತ್ತು ನೀರು ಬೆರೆಸಿದ ಫೆವಿಕಾಲ್ ಸಾಕು. ಮಜ್ಜಿಗೆಯ ಹದಕ್ಕೆ ಕಲಸಿ ನಾಲ್ಕು ಪದರ ಬಳಿಯಿರಿ, ಪ್ರತಿ ಪದರ ಒಣಗಿದ ಮೇಲೆ ಉಜ್ಜಿ. ದಪ್ಪ ಬಳಿದರೆ ಬಿರುಕು ಬಿಡುತ್ತದೆ.

ಸೀಸ ಇಲ್ಲ ಅಂತ ಡಬ್ಬಿಯ ಮೇಲೆ ಬರೆದಿರುವ ಬಣ್ಣವನ್ನೇ ತನ್ನಿ. ಮಕ್ಕಳು ಕಿವಿಯನ್ನು ಕಚ್ಚಿಯೇ ಕಚ್ಚುತ್ತಾರೆ. ತಿಳಿ ಬೂದು ಬಣ್ಣ ಎರಡು ಕೋಟ್. ಒಣಗಿದ ಮೇಲೆ ಸ್ಪಂಜಿನ ಚೂರನ್ನು ಗಾಢ ಬೂದು ಬಣ್ಣದಲ್ಲಿ ಅದ್ದಿ, ಹಳೇ ಪೇಪರಿಗೆ ಒತ್ತಿ ಬಣ್ಣ ಕಮ್ಮಿ ಮಾಡಿ, ಮೆಲ್ಲಗೆ ತಟ್ಟುತ್ತಾ ಹೋಗಿ. ಚುಕ್ಕೆಯನ್ನು ಬರೆಯುವುದಲ್ಲ, ಬಿಡುವುದು: ರೂಪಾಯಿ ನಾಣ್ಯದಷ್ಟು ಜಾಗ ಬಿಟ್ಟು ಸುತ್ತಲೂ ತಟ್ಟಿ. ತೊಡೆ, ಭುಜದಲ್ಲಿ ಒತ್ತೊತ್ತಾಗಿ, ಹೊಟ್ಟೆಯ ಕಡೆ ವಿರಳವಾಗಿ. ಮೊಣಕಾಲು, ಮೂತಿ ಕಪ್ಪಾಗಲಿ. ಮೊದಲು ರಟ್ಟಿನ ಮೇಲೆ ಒಂದು ಗಂಟೆ ಅಭ್ಯಾಸ ಮಾಡಿ, ಇಲ್ಲದಿದ್ದರೆ ಕುದುರೆ ಹೋಗಿ ಚಿರತೆಯಾಗುತ್ತದೆ.

ಗಾಜಿನ ಕಣ್ಣು ಕೂರಿಸುವ ಆಸೆ ಎಲ್ಲರಿಗೂ ಇರುತ್ತದೆ. ಕಿತ್ತು ಬಂದರೆ ಮಗು ನುಂಗೀತು, ಹಾಗಾಗಿ ನಾನು ಬಣ್ಣದಲ್ಲೇ ಬರೆಯುತ್ತೇನೆ. ಕಪ್ಪಿನ ಮೇಲೆ ಸೂಜಿ ಮೊನೆಯಷ್ಟು ಬಿಳಿ ಚುಕ್ಕೆ, ಎರಡು ಕಣ್ಣಿಗೂ ಮೇಲ್ಭಾಗದಲ್ಲಿ ಒಂದೇ ಕಡೆ. ಬಾಲಕ್ಕೆ ಸೆಣಬಿನ ಎಳೆ ಬಿಚ್ಚಿ ಬಾಚಿ, ಬುಡಕ್ಕೆ ಅಂಟು ಹಾಕಿ ಬಿಗಿದು, ಮುಕ್ಕಾಲಿಂಚಿನ ತೂತಿನಲ್ಲಿ ತುರುಕಿ ಮರದ ಬೆಣೆ ಹೊಡೆಯಿರಿ. ಕೇಸರಕ್ಕೆ ಕತ್ತಿನ ಮೇಲೆ ಕಾಲಿಂಚಿನ ಗಾಡಿ (ಉದ್ದಕ್ಕೆ ಕಾಲುವೆಯಂಥ ತಗ್ಗು) ತೆಗೆದು ಅದೇ ಸೆಣಬು. ಎಳೆಗಳು ಒಂದು ಗೇಣಿಗಿಂತ ಉದ್ದ ಬೇಡ, ಮಗುವಿನ ಕತ್ತಿಗೆ ಸುತ್ತಿಕೊಳ್ಳಬಾರದು.

ಮೊದಲ ಮಳೆಗಾಲ ಕಳೆದ ಮೇಲೆ ಬೋಲ್ಟುಗಳನ್ನು ಒಂದು ಸುತ್ತು ಬಿಗಿಯಿರಿ, ಮರ ಉಬ್ಬಿ ಕುಗ್ಗಿ ಸಡಿಲವಾಗಿರುತ್ತವೆ. ಉಳಿದ ಎರಡು ಬೂದು ಬಣ್ಣವನ್ನು ಚಿಕ್ಕ ಬಾಟಲಿಗೆ ಹಾಕಿ, ಯಾವುದು ಯಾವುದಕ್ಕೆ ಅಂತ ಚೀಟಿ ಅಂಟಿಸಿಡಿ. ಮೊಣಕಾಲು, ಕಿವಿಯಲ್ಲಿ ಬಣ್ಣ ಏಳುವುದು ಖಂಡಿತ, ಮತ್ತು ಕೈಯಲ್ಲಿ ಬೆರೆಸಿದ ಬೂದು ಇನ್ನೊಂದು ಸಲ ಅದೇ ಬರುವುದಿಲ್ಲ.